ಹಳ್ಳಿಗೆಂದು ಹುಟ್ಟಿ ರಜೆಮನೆಗೆ ಹೋದ ಚಾನೆಲ್ಲು: 'ಕಂಟ್ರಿ ಕೆನಡಾ' 'ಕಾಟೇಜ್ ಲೈಫ್' ಆದ ಬಗೆ

ಕೆನಡಾ ದೇಶದ ಕೇಬಲ್ ಮತ್ತು ಡಿಶ್ ಚಾನೆಲ್ಲುಗಳ ಪೈಕಿ 'ಕಾಟೇಜ್ ಲೈಫ್' ಎಂಬುದೂ ಒಂದು. ಸರೋವರದ ದಂಡೆಯಲ್ಲಿ ಕಟ್ಟಿದ ಮರದ ಮನೆ, ಅದರ ದುರಸ್ತಿ, ದೋಣಿ, ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸ, ಶನಿವಾರ ಭಾನುವಾರದ ರಜೆ - ಇವೇ ಅದರ ಸರಕು. ನೋಡಲು ಚೆನ್ನಾಗಿರುತ್ತದೆ. ನಗರದಲ್ಲಿ ದುಡಿದು ದಣಿದವರಿಗೆ ಹಿತವಾಗಿಯೂ ಇರುತ್ತದೆ.

ಆದರೆ ಈ ಚಾನೆಲ್ಲಿನ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಬೇರೆಯದೇ ಚಿತ್ರ. 2000ನೇ ಇಸವಿಯಲ್ಲಿ ಈ ಪರವಾನಗಿ ಹುಟ್ಟಿದ್ದು ಹೊಲ ಉಳುವವರಿಗಾಗಿ, ದನ ಸಾಕುವವರಿಗಾಗಿ, ಕಡಲಿಗೆ ಬಲೆ ಬೀಸುವವರಿಗಾಗಿ. ಅಲ್ಲಿಂದ 13 ವರ್ಷದೊಳಗೆ ಒಡೆಯರು ಬದಲಾದರು, ಹೆಸರು ಬದಲಾಯಿತು, ಕಡೆಗೆ ನೋಡುಗರೂ ಬದಲಾದರು. ಇದರಲ್ಲಿ ಕದ್ದುಮುಚ್ಚಿ ನಡೆದದ್ದೇನೂ ಇಲ್ಲ, ಒಡೆತನದ ಕೈಬದಲಾವಣೆ ಕಾನೂನಿನ ಪ್ರಕಾರವೇ ಆಯಿತು. ಹಾಗಿದ್ದರೂ ಹಳ್ಳಿಯವರ ಪಾಲಿಗೆ ಇದ್ದ ಒಂದು ಚಾನೆಲ್ಲು ಇಲ್ಲವಾಯಿತು. ಅದು ಹೇಗೆ ಎಂಬುದನ್ನು ಇಸವಿಯ ಕ್ರಮದಲ್ಲಿ ನೋಡಬಹುದು.

'ಕಂಟ್ರಿ' ಎಂಬ ಮಾತು

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ 'ಕಂಟ್ರಿ' ಎಂದರೆ ದೇಶವೂ ಹೌದು, ಹಳ್ಳಿಗಾಡೂ ಹೌದು. 'ಕಂಟ್ರಿ ಕೆನಡಾ' ಎಂದರೆ ಕೆನಡಾದ ಹಳ್ಳಿಗಾಡು ಎಂದರ್ಥ. ಭೂವಿಸ್ತಾರದಲ್ಲಿ ಕೆನಡಾ ಜಗತ್ತಿನ ಎರಡನೇ ದೊಡ್ಡ ದೇಶ. ಆದರೆ ಅಲ್ಲಿನ ಹೆಚ್ಚಿನ ಜನ ದಕ್ಷಿಣದ ಅಂಚಿಗೆ, ಅಮೆರಿಕದ ಗಡಿಯ ಹತ್ತಿರಹತ್ತಿರದ ನಗರಗಳಲ್ಲಿ ನೆಲೆಸಿದ್ದಾರೆ. 2001ರ ಜನಗಣತಿಯಲ್ಲಿ ಗ್ರಾಮೀಣರ ಪಾಲು ಸುಮಾರು ಶೇ. 20 ಇತ್ತು. 2021ರ ಗಣತಿಯ ಹೊತ್ತಿಗೆ ಅದು ಶೇ. 17.8ಕ್ಕೆ ಇಳಿಯಿತು. ಕೃಷಿ ಗಣತಿಯ ಲೆಕ್ಕ ಇನ್ನೂ ಸ್ಪಷ್ಟ: 2001ರಲ್ಲಿ 2,46,923 ಕೃಷಿ ಹಿಡುವಳಿಗಳಿದ್ದರೆ, 2021ರಲ್ಲಿ ಉಳಿದದ್ದು 1,89,874.

ಜಾಹೀರಾತು ಕೊಡುವವರು ಈ ಅಂಕಿಗಳನ್ನು ನೋಡಿ ತಲೆ ಅಲ್ಲಾಡಿಸುತ್ತಾರೆ. ಸಾರ್ವಜನಿಕ ಪ್ರಸಾರ ಎಂಬುದು ಇರುವುದೇ ಇಂಥ ಕಡಿಮೆ ಸಂಖ್ಯೆಯವರಿಗಾಗಿ ಎಂದು ವಾದಿಸುವವರೂ ಇದ್ದಾರೆ. ಈ ಚಾನೆಲ್ಲಿನ ಬದುಕು ಸಾಗಿದ್ದು ಈ ಎರಡು ಮಾತುಗಳ ಎಳೆದಾಟದ ನಡುವೆ.

ರೇಡಿಯೊ ಕಾಲದ ನಂಟು, ಪುಣೆಯ ತನಕ

ಹಳ್ಳಿಗೆ ಪ್ರಸಾರ ಮಾಡುವ ವಿದ್ಯೆಯಲ್ಲಿ ಕೆನಡಾ ಒಂದು ಕಾಲಕ್ಕೆ ಲೋಕಕ್ಕೇ ಮೇಲ್ಪಂಕ್ತಿಯಾಗಿತ್ತು. ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ (ಕೆನಡಿಯನ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್) ಆರಂಭವಾದದ್ದು 1936ರಲ್ಲಿ. 1941ರಲ್ಲಿ ಅದು ರೈತ ಒಕ್ಕೂಟ ಹಾಗೂ ವಯಸ್ಕರ ಶಿಕ್ಷಣ ಸಂಘದ ಜೊತೆ ಸೇರಿ 'ನ್ಯಾಷನಲ್ ಫಾರ್ಮ್ ರೇಡಿಯೊ ಫೋರಂ' ನಡೆಸಿತು. ಅಕ್ಕಪಕ್ಕದ ರೈತರು ಒಂದು ಮನೆಯಲ್ಲಿ ಸೇರುವುದು, ಕಾರ್ಯಕ್ರಮ ಕೇಳುವುದು, ಚರ್ಚಿಸುವುದು, ತಮ್ಮ ಅಭಿಪ್ರಾಯವನ್ನು ಬರೆದು ಕಳಿಸುವುದು - ಇದು ಅದರ ಕ್ರಮ. 1965ರವರೆಗೂ ಅದು ನಡೆಯಿತು.

ಈ ಪದ್ಧತಿ ನಮ್ಮ ದೇಶಕ್ಕೂ ಬಂತು. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆ ಆಕಾಶವಾಣಿಯು ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಮರಾಠಿಯಲ್ಲಿ ಇದೇ ಮಾದರಿಯ ಪ್ರಯೋಗ ಮಾಡಿತು. ಅದು ಯಶಸ್ಸು ಕಂಡ ಮೇಲೆ 1959ರಲ್ಲಿ ಗ್ರಾಮೀಣ ರೇಡಿಯೊ ವೇದಿಕೆಗಳು ದೇಶದ ಇತರ ಕಡೆಗೂ ಹಬ್ಬಿದವು. ಊರ ಚಾವಡಿಯಲ್ಲಿ ರೇಡಿಯೊ ಸುತ್ತ ಕುಳಿತು ಬೀಜ, ಗೊಬ್ಬರದ ಮಾತು ಕೇಳುತ್ತಿದ್ದ ಆ ಪದ್ಧತಿಯ ಬೇರು ಕೆನಡಾದಲ್ಲಿತ್ತು.

ಟಿವಿ ಬಂದ ಮೇಲೂ ಸಿಬಿಸಿ ಆ ದಾರಿ ಬಿಡಲಿಲ್ಲ. 1954ರಲ್ಲಿ 'ಕಂಟ್ರಿ ಕ್ಯಾಲೆಂಡರ್' ಎಂಬ ಕೃಷಿ ಕಾರ್ಯಕ್ರಮ ಶುರುವಾಯಿತು. ಮುಂದೆ ಅದಕ್ಕೆ 'ಕಂಟ್ರಿ ಕೆನಡಾ' ಎಂದು ಹೆಸರಾಯಿತು. 1964ರಲ್ಲಿ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಸೇಂಟ್ ಜಾನ್ಸ್ ಕೇಂದ್ರದಿಂದ 'ಲ್ಯಾಂಡ್ ಅಂಡ್ ಸೀ' ಆರಂಭವಾಯಿತು. ಹೆಸರೇ ಹೇಳುವಂತೆ ಇದು ನೆಲ ಮತ್ತು ಕಡಲನ್ನು ನಂಬಿದವರ ಕಾರ್ಯಕ್ರಮ. ಕರಾವಳಿಯ ಪುಟ್ಟ ಹಳ್ಳಿಗಳು, ಮೀನುಗಾರರ ಕಷ್ಟಸುಖ ಅದರಲ್ಲಿ ಬರುತ್ತಿದ್ದವು. 1992ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಾಡ್ ಮೀನು ಹಿಡಿಯುವುದನ್ನು ನಿಷೇಧಿಸಿದಾಗ ಆ ಪ್ರಾಂತ್ಯದಲ್ಲಿ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಇಂಥ ಊರುಗಳ ಮಾತು ಟೊರಾಂಟೊದ ಸ್ಟುಡಿಯೊದಿಂದ ಬರುವುದು ಕಷ್ಟ. ಅದಕ್ಕೇ ಈ ಕಾರ್ಯಕ್ರಮಕ್ಕೆ ಅಷ್ಟು ಬೆಲೆ.

2000: ಪರವಾನಗಿ ಸಿಕ್ಕಿದ್ದು

ಕೆನಡಾದಲ್ಲಿ ಒಂದೊಂದು ವಿಷಯಕ್ಕೆ ಮೀಸಲಾದ ಚಾನೆಲ್ಲುಗಳಿಗೆ 'ಸ್ಪೆಷಾಲ್ಟಿ ಚಾನೆಲ್' ಎನ್ನುತ್ತಾರೆ. 1984ರಲ್ಲಿ ಸಂಗೀತದ 'ಮಚ್‌ಮ್ಯೂಸಿಕ್', ಕ್ರೀಡೆಯ 'ಟಿಎಸ್‌ಎನ್' ಬಂದವು. ಇವಕ್ಕೆಲ್ಲ ಪರವಾನಗಿ ಕೊಡುವುದು ಸಿಆರ್‌ಟಿಸಿ ಎಂಬ ಆಯೋಗ. 1968ರಲ್ಲಿ ಸ್ಥಾಪನೆಯಾದ ಇದು ಸರ್ಕಾರದಿಂದ ಒಂದಿಷ್ಟು ದೂರ ನಿಂತು, ಸಾರ್ವಜನಿಕ ವಿಚಾರಣೆ ನಡೆಸಿ ತೀರ್ಮಾನ ಮಾಡುತ್ತದೆ. ಭಾರತದಲ್ಲಿ ಚಾನೆಲ್ಲಿಗೆ ಅನುಮತಿ ಕೊಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಅಲ್ಲಿನ ವ್ಯವಸ್ಥೆಗೂ ಇಲ್ಲಿನದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಡಿಜಿಟಲ್ ಪ್ರಸಾರ ಬಂದಾಗ ನೂರಾರು ಚಾನೆಲ್ಲುಗಳಿಗೆ ಜಾಗವಾಯಿತು. 2000ದ ನವೆಂಬರಿನಲ್ಲಿ ಆಯೋಗ ಒಂದೇ ಸಲಕ್ಕೆ ದೊಡ್ಡ ಸಂಖ್ಯೆಯ ಡಿಜಿಟಲ್ ಪರವಾನಗಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎರಡು ದರ್ಜೆ ಇದ್ದವು.

ಒಂದನೇ ದರ್ಜೆ: ಇವು ಬೆರಳೆಣಿಕೆಯವು, ಇಂಗ್ಲಿಷಿನಲ್ಲಿ 16 ಮಾತ್ರ. ಡಿಜಿಟಲ್ ಸೇವೆ ಕೊಡುವ ಕೇಬಲ್ ಮತ್ತು ಡಿಶ್ ಕಂಪನಿಗಳು ಇವನ್ನು ತಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಲೇಬೇಕಿತ್ತು. ಇವುಗಳ ವಿಷಯಕ್ಕೆ ಬೇರೆಯವರು ಪೈಪೋಟಿಗೆ ಬರುವಂತಿರಲಿಲ್ಲ.

ಎರಡನೇ ದರ್ಜೆ: ಇವು 250ಕ್ಕೂ ಹೆಚ್ಚು. ಕೇಬಲ್‌ನವರು ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇವುಗಳಲ್ಲಿ ಎಷ್ಟೋ ಚಾನೆಲ್ಲುಗಳು ಶುರುವಾಗಲೇ ಇಲ್ಲ.

ಒಂದನೇ ದರ್ಜೆಯ ಪರವಾನಗಿ ಎಂದರೆ ಆ ಕಾಲಕ್ಕೆ ಆಸ್ತಿಯಿದ್ದಂತೆ. ಅದು ಸುಮ್ಮನೆ ಸಿಗುತ್ತಿರಲಿಲ್ಲ. ಇಂಥ ಜನಕ್ಕೆ, ಇಂಥ ವಿಷಯದಲ್ಲಿ, ಇಷ್ಟು ಸ್ವದೇಶಿ ಕಾರ್ಯಕ್ರಮ ಕೊಡುತ್ತೇವೆ ಎಂದು ಅರ್ಜಿದಾರರು ಮಾತು ಕೊಡಬೇಕು. ಆ ಮಾತೇ ಪರವಾನಗಿಯ ಷರತ್ತಾಗುತ್ತದೆ. ಕೋರಸ್ ಎಂಟರ್‌ಟೇನ್‌ಮೆಂಟ್ ಎಂಬ ಖಾಸಗಿ ಕಂಪನಿ ಮತ್ತು ಸಿಬಿಸಿ ಜೊತೆಗೂಡಿ ಗ್ರಾಮೀಣ ಕೆನಡಾಕ್ಕಾಗಿ ಒಂದು ಚಾನೆಲ್ಲಿಗೆ ಪರವಾನಗಿ ಪಡೆದವು. ಆಗ ಅದಕ್ಕೆ ಇಟ್ಟಿದ್ದ ಹೆಸರು 'ಲ್ಯಾಂಡ್ ಅಂಡ್ ಸೀ' - ನ್ಯೂಫೌಂಡ್‌ಲ್ಯಾಂಡಿನ ಆ ಹಳೆಯ ಕಾರ್ಯಕ್ರಮದ ಹೆಸರೇ.

2001: 'ಕಂಟ್ರಿ ಕೆನಡಾ'

2001ರ ಸೆಪ್ಟೆಂಬರ್ 7ರಂದು ಹೊಸ ಡಿಜಿಟಲ್ ಚಾನೆಲ್ಲುಗಳು ಸಾಲುಸಾಲಾಗಿ ತೆರೆದುಕೊಂಡವು. ಅವುಗಳಲ್ಲಿ ಇದೂ ಒಂದು. ಆದರೆ ತೆರೆಯ ಮೇಲೆ ಬರುವ ಹೊತ್ತಿಗೆ ಹೆಸರು 'ಕಂಟ್ರಿ ಕೆನಡಾ' ಎಂದಾಗಿತ್ತು. ಪ್ರಸಾರ ಶುರುವಾಗುವ ಮೊದಲೇ ನಡೆದ ಈ ಬದಲಾವಣೆಯನ್ನು ಮೊದಲ ನಾಮಕರಣ ಬದಲಾವಣೆ ಎಂದು ಲೆಕ್ಕ ಹಾಕಬಹುದು.

ದೊಡ್ಡ ಪಾಲು ಕೋರಸ್‌ನದು, ಚಿಕ್ಕ ಪಾಲು ಸಿಬಿಸಿಯದು. ಕೋರಸ್ ಎಂಬುದು ಕ್ಯಾಲ್ಗರಿಯ ಶಾ ಕುಟುಂಬದ ಹಿಡಿತದಲ್ಲಿದ್ದ ಕಂಪನಿ. 1999ರಲ್ಲಿ ಶಾ ಕಮ್ಯುನಿಕೇಷನ್ಸ್ ಎಂಬ ಕೇಬಲ್ ಕಂಪನಿಯಿಂದ ಬೇರ್ಪಟ್ಟು ರೇಡಿಯೊ, ಟಿವಿ ವ್ಯವಹಾರಕ್ಕೆಂದು ನಿಂತದ್ದು. ಹೀಗೆ ಹಣದ ಬಲ ಒಂದು ಕಡೆ, ಗ್ರಾಮೀಣ ಕಾರ್ಯಕ್ರಮದ ದಾಸ್ತಾನು ಇನ್ನೊಂದು ಕಡೆ ಸೇರಿತ್ತು.

ಕಷ್ಟ ಬೇರೆ ಕಡೆಯಿಂದ ಬಂತು. ಹೊಸ ಚಾನೆಲ್ಲುಗಳನ್ನು ನೋಡಲು ಡಿಜಿಟಲ್ ಪೆಟ್ಟಿಗೆ ಬೇಕು, ತಿಂಗಳ ಬಾಡಿಗೆ ಹೆಚ್ಚು ಕಟ್ಟಬೇಕು. ಅಂಥ ಮನೆಗಳು ಆಗ ಕಡಿಮೆ. ಸ್ಪೆಷಾಲ್ಟಿ ಚಾನೆಲ್ಲಿಗೆ ಆದಾಯದ ದಾರಿ ಎರಡೇ: ಪ್ರತಿ ಚಂದಾದಾರನ ಮೇಲೆ ಕೇಬಲ್ ಕಂಪನಿ ಕೊಡುವ ದರ, ಮತ್ತು ಜಾಹೀರಾತು. ಚಂದಾದಾರರು ಕಡಿಮೆಯಾದರೆ ಎರಡೂ ಸೊರಗುತ್ತವೆ. ಕೆಲವು ವರ್ಷಗಳೊಳಗೆ ಕೋರಸ್ ತನ್ನ ಪಾಲನ್ನು ಸಿಬಿಸಿಗೆ ಬಿಟ್ಟುಕೊಟ್ಟಿತು. ಚಾನೆಲ್ಲು ಪೂರ್ತಿ ಸಾರ್ವಜನಿಕ ಸಂಸ್ಥೆಯ ಕೈಗೆ ಬಂದು 'ಸಿಬಿಸಿ ಕಂಟ್ರಿ ಕೆನಡಾ' ಎನಿಸಿಕೊಂಡಿತು. ಹಳ್ಳಿಯ ಚಾನೆಲ್ಲು ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದರೆ ಭದ್ರ ಎಂದು ಯಾರಾದರೂ ಭಾವಿಸಿದ್ದರೆ ಅದು ಸಹಜವೇ.

2008: 'ಬೋಲ್ಡ್'

2008ರ ಮಾರ್ಚ್ 27ರಂದು ಸಿಬಿಸಿ ಈ ಚಾನೆಲ್ಲಿಗೆ 'ಬೋಲ್ಡ್' ಎಂದು ಮರುನಾಮಕರಣ ಮಾಡಿತು. ಬೋಲ್ಡ್ ಎಂದರೆ ದಿಟ್ಟ. ಹೆಸರಿನಿಂದ ಹಳ್ಳಿಯೂ ಹೋಯಿತು, ದೇಶವೂ ಹೋಯಿತು. ಸಂಗೀತ, ನೃತ್ಯ, ನಾಟಕ, ಧಾರಾವಾಹಿ, ಕ್ರೀಡೆ ಮುಂದೆ ಬಂದವು. ಮುಖ್ಯ ಚಾನೆಲ್ಲಿನಲ್ಲಿ ಜಾಗ ಸಿಗದ ಕಾರ್ಯಕ್ರಮಗಳಿಗೆ ಇದು ಎರಡನೇ ಮನೆಯಾಯಿತು.

ಇಲ್ಲಿ ನಿಯಮದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಾನೆಲ್ಲಿನ ಹೆಸರು ಬದಲಿಸುವುದು ಒಡೆಯನ ಇಷ್ಟ. ಪರವಾನಗಿಯಲ್ಲಿ ಬರೆದಿರುವ ಸೇವೆಯ ಸ್ವರೂಪವನ್ನು ಬದಲಿಸಬೇಕಾದರೆ ಮಾತ್ರ ಆಗ ಆಯೋಗದ ಮುಂದೆ ಅರ್ಜಿ ಹಾಕಿ, ಸಾರ್ವಜನಿಕರ ಆಕ್ಷೇಪಣೆ ಕೇಳಬೇಕಿತ್ತು. ಹೆಸರು, ಬಣ್ಣ, ಕಾರ್ಯಕ್ರಮದ ಹೊತ್ತು - ಇವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಹೋದರೆ ಅರ್ಜಿಯಿಲ್ಲದೆಯೇ ಚಾನೆಲ್ಲಿನ ಚಹರೆ ಬದಲಾಗುತ್ತದೆ. ಅದು ಕಣ್ಣಿಗೆ ಬೀಳಬೇಕಾದರೆ ನೋಡುಗರು ಎಚ್ಚರವಾಗಿರಬೇಕು, ಪರವಾನಗಿಯಲ್ಲಿ ಏನಿದೆ ಎಂಬುದು ಅವರಿಗೆ ತಿಳಿದಿರಬೇಕು. ದೂರದೂರ ಹರಡಿಕೊಂಡ ಹಳ್ಳಿಗಳ ಜನ ಆಯೋಗದ ವಿಚಾರಣೆಗೆ ಬರುವುದು ಅಪರೂಪ.

2012: ಮಾರಾಟಕ್ಕೆ

2012ರ ಕೇಂದ್ರ ಬಜೆಟ್ಟಿನಲ್ಲಿ ಸಿಬಿಸಿಗೆ ಕೊಡುತ್ತಿದ್ದ ಅನುದಾನದಲ್ಲಿ ಮೂರು ವರ್ಷಗಳಲ್ಲಿ 11.5 ಕೋಟಿ ಡಾಲರ್ ಕಡಿತ ಎಂದು ಸರ್ಕಾರ ಹೇಳಿತು. ಖರ್ಚು ತಗ್ಗಿಸಲು ಸಿಬಿಸಿ ಹಲವು ಕ್ರಮಗಳನ್ನು ಪ್ರಕಟಿಸಿತು. 'ಬೋಲ್ಡ್' ಮಾರಾಟ ಅದರಲ್ಲಿ ಒಂದು.

ಹಳ್ಳಿಗರಿಗೆ ನೇರವಾಗಿ ತಟ್ಟಿದ ಇನ್ನೊಂದು ಕ್ರಮವೂ ಅದೇ ವರ್ಷ ಜಾರಿಯಾಯಿತು. 2012ರ ಜುಲೈ 31ರಂದು ಸಿಬಿಸಿಯು ತನ್ನ ಇಂಗ್ಲಿಷ್ ಮತ್ತು ಫ್ರೆಂಚ್ ಟಿವಿಯ 600ಕ್ಕೂ ಹೆಚ್ಚು ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿತು. ನಗರಗಳಲ್ಲಿ ಡಿಜಿಟಲ್ ಟ್ರಾನ್ಸ್‌ಮಿಟರು ಇತ್ತು. ಒಳನಾಡಿನ ಊರುಗಳಲ್ಲಿ ಮಾಡಿನ ಮೇಲೆ ಆಂಟೆನಾ ಕಟ್ಟಿಕೊಂಡು ಪುಕ್ಕಟೆ ಸಿಬಿಸಿ ನೋಡುತ್ತಿದ್ದವರಿಗೆ ಇನ್ನು ಡಿಶ್ ಅಥವಾ ಕೇಬಲ್ ಹಾಕಿಸುವುದೇ ದಾರಿಯಾಯಿತು. ದೇಶದ ಒಟ್ಟು ಜನಸಂಖ್ಯೆಯಲ್ಲಿ ಇಂಥವರ ಪಾಲು ಸಣ್ಣದು. ಆದರೆ ಅವರಲ್ಲಿ ಬಹುತೇಕರು ಹಳ್ಳಿಯವರು. ಹೀಗೆ ಹಳ್ಳಿಗೆಂದು ಇದ್ದ ಚಾನೆಲ್ಲು, ಹಳ್ಳಿಯ ಮಾಡಿನ ಮೇಲಿನ ಸಿಗ್ನಲ್ಲು - ಎರಡೂ ಒಂದೇ ವರ್ಷದ ಉಳಿತಾಯದ ಪಟ್ಟಿಗೆ ಸೇರಿದವು.

2013: 'ಕಾಟೇಜ್ ಲೈಫ್'

ಕೊಂಡವರು ಟೊರಾಂಟೊದ ಬ್ಲೂ ಆಂಟ್ ಮೀಡಿಯಾ. 2011ರಲ್ಲಿ ಆರಂಭವಾದ ಈ ಕಂಪನಿಯ ಮುಖ್ಯಸ್ಥ ಮೈಕೆಲ್ ಮ್ಯಾಕ್‌ಮಿಲನ್. ಅಲಯನ್ಸ್ ಅಟ್ಲಾಂಟಿಸ್ ಎಂಬ ದೊಡ್ಡ ಮನರಂಜನಾ ಕಂಪನಿಯನ್ನು ಮೊದಲು ನಡೆಸಿದ್ದವರು. ಕೆನಡಾದ ಪ್ರಸಾರ ಕಾನೂನಿನಂತೆ ಪರವಾನಗಿ ಇರುವ ಚಾನೆಲ್ಲಿನ ಹಿಡಿತ ಸ್ವದೇಶಿಗಳ ಕೈಯಲ್ಲೇ ಇರಬೇಕು. ಮಾರಾಟಕ್ಕೆ ಆಯೋಗದ ಒಪ್ಪಿಗೆ ಬೇಕು. ಜೊತೆಗೆ ಆಗಿನ ನಿಯಮದಂತೆ ಕೊಳ್ಳುವವರು ವ್ಯವಹಾರದ ಮೌಲ್ಯದ ಶೇ. 10ರಷ್ಟನ್ನು ಪ್ರಸಾರ ಕ್ಷೇತ್ರದ ಒಳಿತಿಗೆ ಖರ್ಚು ಮಾಡುವುದಾಗಿ ಒಪ್ಪಬೇಕಿತ್ತು. ಈ ಹಂತಗಳೆಲ್ಲ ಮುಗಿದು 2013ರಲ್ಲಿ ಚಾನೆಲ್ಲು ಕೈ ಬದಲಾಯಿತು.

2013ರ ಜುಲೈ 1ರಂದು, ಕೆನಡಾ ದಿನಾಚರಣೆಯ ದಿನವೇ, ಅದು 'ಕಾಟೇಜ್ ಲೈಫ್' ಆಯಿತು. ಈ ಹೆಸರಿನ ಪತ್ರಿಕೆ 1988ರಿಂದಲೂ ಬರುತ್ತಿತ್ತು, ಅದನ್ನು ಬ್ಲೂ ಆಂಟ್ ಮೊದಲೇ ಕೊಂಡಿತ್ತು. ಪತ್ರಿಕೆಗೆ ಇದ್ದ ಓದುಗರನ್ನು ಟಿವಿಗೂ ತರುವ ಲೆಕ್ಕಾಚಾರ ವ್ಯಾಪಾರದ ದೃಷ್ಟಿಯಿಂದ ಜಾಣತನದ್ದೇ.

ಕೆನಡಾದಲ್ಲಿ ಕಾಟೇಜ್ ಎಂದರೆ ಬಡವರ ಗುಡಿಸಲಲ್ಲ. ನಗರದಲ್ಲಿ ಒಂದು ಮನೆ ಇದ್ದು, ಬೇಸಿಗೆಗೆಂದು ಸರೋವರದ ಬಳಿ ಮಾಡಿಕೊಳ್ಳುವ ಎರಡನೇ ಮನೆ. ಟೊರಾಂಟೊದ ಉತ್ತರಕ್ಕಿರುವ ಮಸ್ಕೋಕ ಪ್ರದೇಶ ಇಂಥ ಮನೆಗಳಿಗೆ ಹೆಸರುವಾಸಿ. ಇಬ್ಬರು ವಿನ್ಯಾಸಕಾರರು ಹಳೆಯ ಕಾಟೇಜನ್ನು ಹೊಸದು ಮಾಡುವ 'ಕಾಲಿನ್ ಅಂಡ್ ಜಸ್ಟಿನ್ಸ್ ಕ್ಯಾಬಿನ್ ಪ್ರೆಷರ್', ಅಣ್ಣತಮ್ಮಂದಿರು ಬಗೆಬಗೆಯ ಸಾಮಾನು ಕಟ್ಟುವ 'ಬ್ರೋಜೆಕ್ಟ್ಸ್' ಈ ಚಾನೆಲ್ಲಿನ ಹೆಸರಾದ ಕಾರ್ಯಕ್ರಮಗಳು.

ಭೂಪಟದಲ್ಲಿ ನೋಡಿದರೆ ಚಾನೆಲ್ಲು ಮತ್ತೆ ನಗರದಿಂದ ಹೊರಗೆ ಬಂದಿತ್ತು. ಹೊಲ, ಕೆರೆ, ಕಾಡು ಮತ್ತೆ ತೆರೆಯ ಮೇಲೆ ಕಾಣಿಸಿದವು. ಆದರೆ ನೋಟ ಹಳ್ಳಿಯಲ್ಲಿ ಇರುವವರದ್ದಲ್ಲ, ಹಳ್ಳಿಗೆ ಬಂದು ಹೋಗುವವರದ್ದು. ಹಾಲಿನ ದರ, ಗೋಧಿಯ ಸಾಗಾಣಿಕೆ, ಮುಚ್ಚಿದ ಶಾಲೆ, ಬಲೆ ಮಾರಿದ ಮೀನುಗಾರ - ಇವು ರಜೆಯ ಮನೆಯ ಕಿಟಕಿಯಿಂದ ಕಾಣುವಂಥವಲ್ಲ.

2015ರ ನಂತರ

2015ರ ಮಾರ್ಚಿಯಲ್ಲಿ ಸಿಆರ್‌ಟಿಸಿ ಒಂದು ದೊಡ್ಡ ನೀತಿ ಪ್ರಕಟಿಸಿತು. ಒಂದು ವಿಷಯಕ್ಕೆ ಒಂದೇ ಚಾನೆಲ್ಲು ಎಂಬ ರಕ್ಷಣೆ ರದ್ದಾಯಿತು. ಇಂಥದನ್ನೇ ತೋರಿಸಬೇಕು ಎಂಬ ಸೇವಾ ಸ್ವರೂಪದ ಕಟ್ಟುಪಾಡನ್ನೂ ಬಹುತೇಕ ಚಾನೆಲ್ಲುಗಳಿಗೆ ಸಡಿಲಿಸಲಾಯಿತು. 2016ರಲ್ಲಿ, ಮೊದಲು ತಿಂಗಳಿಗೆ 25 ಡಾಲರಿಗೆ ಮೀರದ ಚಿಕ್ಕ ಮೂಲ ಕಟ್ಟು, ಆಮೇಲೆ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸಿಕೊಳ್ಳುವ ಅವಕಾಶ ಗ್ರಾಹಕರಿಗೆ ಸಿಕ್ಕಿತು.

ಗ್ರಾಹಕನಿಗೆ ಇದು ಅನುಕೂಲವೇ. ಆದರೆ ಹೆಚ್ಚು ಜನ ಆರಿಸಿದ್ದೇ ಉಳಿಯುತ್ತದೆ ಎಂಬ ನಿಯಮದಲ್ಲಿ ಕಡಿಮೆ ಜನರಿಗಾಗಿ ಇರುವ ಚಾನೆಲ್ಲು ನಿಲ್ಲುವುದು ಕಷ್ಟ. 2000ರಲ್ಲಿ 'ಗ್ರಾಮೀಣರಿಗಾಗಿ' ಎಂದು ಬರೆದುಕೊಟ್ಟಿದ್ದ ಮಾತಿಗೆ ಇದ್ದ ಆಸರೆಯೂ ಹೀಗೆ ಹೋಯಿತು. ಬ್ಲೂ ಆಂಟ್ ಕಂಪನಿ 2025ರಲ್ಲಿ ಬೋಟ್ ರಾಕರ್ ಮೀಡಿಯಾ ಜೊತೆಗಿನ ವ್ಯವಹಾರದ ಮೂಲಕ ಟೊರಾಂಟೊ ಷೇರುಪೇಟೆಗೆ ಬಂತು.

ಇದೇ ದಾರಿ ಹಿಡಿದ ಇನ್ನೊಂದು

ಇದು ಒಂದೇ ಚಾನೆಲ್ಲಿನ ಹಣೆಬರಹ ಎನ್ನುವಂತಿಲ್ಲ. 1999ರಲ್ಲಿ 'ಕೆನಡಿಯನ್ ಲರ್ನಿಂಗ್ ಟೆಲಿವಿಷನ್' ಎಂಬ ಶೈಕ್ಷಣಿಕ ಚಾನೆಲ್ಲು ಶುರುವಾಗಿತ್ತು. ಅದು 2008ರಲ್ಲಿ ಕೋರಸ್ ಕೈಗೆ ಬಂದು 'ವಿವಾ' ಎಂಬ ಮಹಿಳೆಯರ ಚಾನೆಲ್ಲಾಯಿತು. 2011ರ ಮಾರ್ಚ್ 1ರಂದು ಅಮೆರಿಕದ ಖ್ಯಾತ ನಿರೂಪಕಿ ಓಪ್ರಾ ವಿನ್‌ಫ್ರೀ ಹೆಸರಿನ 'ಓನ್' ಆಯಿತು. ಪರವಾನಗಿ ಮಾತ್ರ ಶಿಕ್ಷಣದ್ದೇ ಆಗಿತ್ತು. ಕೊಟ್ಟ ಮಾತಿನಂತೆ ಶೈಕ್ಷಣಿಕ ಕಾರ್ಯಕ್ರಮ ಬರುತ್ತಿಲ್ಲವೆಂದು 2012ರಲ್ಲಿ ಆಯೋಗ ವಿಚಾರಣೆ ನಡೆಸಿತು. ಕಡೆಗೆ 2024ರ ಸೆಪ್ಟೆಂಬರಿನಲ್ಲಿ ಆ ಚಾನೆಲ್ಲೇ ಮುಚ್ಚಿತು.

ಎರಡೂ ಕಥೆಗಳ ಎಳೆ ಒಂದೇ. ಸಾರ್ವಜನಿಕ ಉದ್ದೇಶ ತೋರಿಸಿ ಪಡೆದ ಪರವಾನಗಿ, ಮಾರುವಾಗ ಖಾಸಗಿ ಆಸ್ತಿಯಂತೆ ಬೆಲೆ ಪಡೆಯುತ್ತದೆ. ಕೊಂಡವನು ಬೆಲೆ ಕೊಡುವುದು ಕೇಬಲ್ ಪಟ್ಟಿಯಲ್ಲಿರುವ ಜಾಗಕ್ಕೆ. ಯಾರ ಹೆಸರಿನಲ್ಲಿ ಆ ಜಾಗ ಸಿಕ್ಕಿತ್ತೋ ಅವರಿಗೆ ಆ ವ್ಯವಹಾರದಲ್ಲಿ ಕುರ್ಚಿ ಇರುವುದಿಲ್ಲ.

ಒಂದು ನೋಟದಲ್ಲಿ

1954 - ಸಿಬಿಸಿಯಲ್ಲಿ 'ಕಂಟ್ರಿ ಕ್ಯಾಲೆಂಡರ್' ಆರಂಭ, ಮುಂದೆ ಇದೇ 'ಕಂಟ್ರಿ ಕೆನಡಾ' ಕಾರ್ಯಕ್ರಮ.
1964 - ನ್ಯೂಫೌಂಡ್‌ಲ್ಯಾಂಡಿನಲ್ಲಿ 'ಲ್ಯಾಂಡ್ ಅಂಡ್ ಸೀ' ಆರಂಭ.
2000 ನವೆಂಬರ್ - 'ಲ್ಯಾಂಡ್ ಅಂಡ್ ಸೀ' ಹೆಸರಿನಲ್ಲಿ ಒಂದನೇ ದರ್ಜೆಯ ಡಿಜಿಟಲ್ ಪರವಾನಗಿ.
2001 ಸೆಪ್ಟೆಂಬರ್ 7 - 'ಕಂಟ್ರಿ ಕೆನಡಾ' ಪ್ರಸಾರ ಶುರು. ಒಡೆಯರು ಕೋರಸ್ ಮತ್ತು ಸಿಬಿಸಿ.
ನಂತರದ ವರ್ಷಗಳು - ಕೋರಸ್ ಪಾಲೂ ಸಿಬಿಸಿಗೆ, ಹೆಸರು 'ಸಿಬಿಸಿ ಕಂಟ್ರಿ ಕೆನಡಾ'.
2008 ಮಾರ್ಚ್ 27 - 'ಬೋಲ್ಡ್'.
2012 - ಅನುದಾನ ಕಡಿತ, ಮಾರಾಟದ ಪ್ರಕಟಣೆ.
2013 ಜುಲೈ 1 - ಬ್ಲೂ ಆಂಟ್ ಒಡೆತನದಲ್ಲಿ 'ಕಾಟೇಜ್ ಲೈಫ್'.
2015 - ವಿಷಯ ರಕ್ಷಣೆಯ ನಿಯಮ ರದ್ದು.

ಉಳಿದದ್ದು

ಈ ಕಥೆಯಲ್ಲಿ ಉಳಿದುಕೊಂಡದ್ದೂ ಒಂದಿದೆ. ಪರವಾನಗಿಗೆ ಮೊದಲು ಯಾವ ಹೆಸರು ಇಟ್ಟಿದ್ದರೋ ಆ 'ಲ್ಯಾಂಡ್ ಅಂಡ್ ಸೀ' ಕಾರ್ಯಕ್ರಮ ಸೇಂಟ್ ಜಾನ್ಸ್ ಕೇಂದ್ರದಲ್ಲಿ ಮುಂದುವರಿಯಿತು. 2024ಕ್ಕೆ ಅದಕ್ಕೆ 60 ವರ್ಷ ತುಂಬಿತು. ಅದಕ್ಕೆ ಸ್ವಂತ ಚಾನೆಲ್ಲು ಇಲ್ಲ, ಸಿಗುವುದು ವಾರದಲ್ಲಿ ಅರ್ಧ ಗಂಟೆ. ಆದರೆ ಅದನ್ನು ಮಾಡುವವರು ಅದೇ ಪ್ರಾಂತ್ಯದಲ್ಲಿ ಇದ್ದಾರೆ, ನೋಡುವವರೂ ಅಲ್ಲೇ ಇದ್ದಾರೆ.

ಹಳ್ಳಿಗೆಂದು, ಒಂದು ನುಡಿಗೆಂದು, ಒಂದು ಕಸುಬಿಗೆಂದು ಹೊಸ ಚಾನೆಲ್ಲು ಬರುತ್ತದೆ ಎಂದು ಕೇಳಿದಾಗ ಹೆಸರು ನೋಡಿ ಸಂತೋಷಪಡುವುದು ಸಹಜ. ಕೆನಡಾದ ಅನುಭವ ನೋಡಿದವರು ಇನ್ನೂ ಮೂರು ಪ್ರಶ್ನೆ ಕೇಳುತ್ತಾರೆ: ಪರವಾನಗಿಯಲ್ಲಿ ಏನು ಬರೆದಿದೆ? ಮಾರಿದರೆ ಆ ಮಾತು ಕೊಂಡವನಿಗೂ ಅನ್ವಯಿಸುತ್ತದೆಯೆ? ಮಾತು ತಪ್ಪಿದರೆ ಊರಿನವರು ಯಾರ ಮುಂದೆ ಹೋಗಿ ಹೇಳಬೇಕು?